ಋತುಚಕ್ರದ ಆರೋಗ್ಯ: ಸಹಜ ಉಪಾಯಗಳು ಎಲ್ಲಿ ನೆರವಾಗುತ್ತವೆ, ಎಲ್ಲಿ ಸಾಲುವುದಿಲ್ಲ

ಮುಟ್ಟಿನ ತೊಂದರೆಗಳ ಬಗ್ಗೆ ಮಾತನಾಡಲು ಹೋದ ಕಡೆಯಲ್ಲೆಲ್ಲ ಸಭಿಕರಿಂದ ಬರುವ ಮೊದಲ ಕೋರಿಕೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಮಾತ್ರೆಗಳ ಗೊಡವೆಯಿಲ್ಲದೆ, ಸಹಜವಾದ ರೀತಿಯಲ್ಲಿ ಹಾರ್ಮೋನುಗಳನ್ನು ಸಮತೋಲನಕ್ಕೆ ತರುವ ದಾರಿಯನ್ನು ತಿಳಿಸಿ. ಈ ಕೋರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಿಂಗಳು ತಿಂಗಳೂ ನೋವು ಉಂಡವರಿಗೆ, ದೂರು ಹೇಳಿಕೊಂಡಾಗಲೆಲ್ಲ "ಇದೆಲ್ಲ ಮಾಮೂಲು" ಎಂಬ ಉತ್ತರವನ್ನೇ ಕೇಳಿದವರಿಗೆ, ತಮ್ಮ ಕೈಯಲ್ಲೇ ಇರುವ ಉಪಾಯವೊಂದು ಬೇಕೆನಿಸುವುದು ತೀರ ನ್ಯಾಯವಾದದ್ದು. ಆದರೆ ಉಪಾಯಕ್ಕೆ ಹೋಗುವ ಮುನ್ನ, ಸರಿಪಡಿಸಬೇಕೆಂದು ನಾವು ಹೊರಟಿರುವ ಆ ವ್ಯವಸ್ಥೆ ನಡೆಯುವುದು ಹೇಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದನ್ನು ನೋಡಿದ ಮೇಲೆ ಯಾವ ಉಪಾಯ ಕೆಲಸಕ್ಕೆ ಬರುತ್ತದೆ, ಯಾವುದು ಬರಿಯ ಖರ್ಚು ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಆರೋಗ್ಯವಂತ ಮಹಿಳೆಯ ಹಾರ್ಮೋನುಗಳು ಒಂದೇ ಮಟ್ಟದಲ್ಲಿ ನಿಲ್ಲುವುದೇ ಇಲ್ಲ. ಮುಟ್ಟಿನ ಮೊದಲ ದಿನಗಳಲ್ಲಿ ರಕ್ತದಲ್ಲಿ ಈಸ್ಟ್ರಡಯಾಲ್, ಅಂದರೆ ಈಸ್ಟ್ರೋಜನ್ನಿನ ಮುಖ್ಯ ರೂಪ, ಪ್ರತಿ ಮಿಲಿಲೀಟರಿಗೆ ಸುಮಾರು 50 ಪೈಕೋಗ್ರಾಮಿನ ಆಸುಪಾಸಿನಲ್ಲಿ ಇರುತ್ತದೆ. ಅಂಡಾಶಯದಲ್ಲಿ ಒಂದು ಅಂಡಕೋಶ, ಅಂದರೆ ಅಂಡವನ್ನು ಹೊತ್ತ ಪುಟ್ಟ ಚೀಲ, ಉಳಿದವನ್ನು ಹಿಂದಿಕ್ಕಿ ಬೆಳೆಯುತ್ತಿದ್ದಂತೆ ಈ ಮಟ್ಟ ಏರುತ್ತ ಹೋಗಿ 200ನ್ನು ದಾಟುತ್ತದೆ. ಅಲ್ಲಿಯವರೆಗೆ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ತಡೆಹಿಡಿಯುತ್ತಿದ್ದ ಅದೇ ಈಸ್ಟ್ರೋಜನ್, ಈ ಎತ್ತರದ ಮಟ್ಟದಲ್ಲಿ ಸುಮಾರು 50 ಗಂಟೆ ಕಾಲ ನಿಂತಿತೆಂದರೆ, ಗ್ರಂಥಿಯನ್ನು ತಡೆಯುವ ಬದಲು ಪ್ರಚೋದಿಸತೊಡಗುತ್ತದೆ. ಆಗ ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಉಕ್ಕುತ್ತದೆ. ಅದು ಉಕ್ಕಲು ತೊಡಗಿದ ಸುಮಾರು ಒಂದೂವರೆ ದಿನದಲ್ಲಿ ಅಂಡ ಬಿಡುಗಡೆಯಾಗುತ್ತದೆ. ಅಂಡ ಹೊರಬಿದ್ದ ಜಾಗದಲ್ಲಿ ಉಳಿದ ಕೋಶಗಳು ಹಳದಿ ಬಣ್ಣದ ತಾತ್ಕಾಲಿಕ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸುರಿಸುತ್ತವೆ, ಒಂದು ನ್ಯಾನೋಗ್ರಾಮಿಗಿಂತ ಕೆಳಗಿದ್ದ ಅದರ ಮಟ್ಟ ವಾರದೊಳಗೆ ಹತ್ತರ ಸುತ್ತಮುತ್ತ ತಲುಪುತ್ತದೆ, ಗರ್ಭ ನಿಲ್ಲದಿದ್ದರೆ ಹನ್ನೆರಡು ಹದಿನಾಲ್ಕು ದಿನಗಳಲ್ಲಿ ಆ ಗ್ರಂಥಿ ಸೊರಗಿ ಹೋಗಿ, ಆಸರೆ ತಪ್ಪಿದ ಗರ್ಭಕೋಶದ ಒಳಪದರ ಕಳಚಿ ಹೊರಬರುತ್ತದೆ. ನಾವು ಮುಟ್ಟು ಎನ್ನುವುದು ಇದನ್ನೇ.

ಇಷ್ಟೆಲ್ಲಕ್ಕೂ ತಾಳ ಹಾಕುವುದು ಮಿದುಳಿನಲ್ಲಿರುವ ಹೈಪೊಥಲಾಮಸ್. ಅದು ಜಿಎನ್‌ಆರ್‌ಎಚ್ ಎಂಬ ಸಂಕೇತವನ್ನು ಬಿಟ್ಟು ಬಿಟ್ಟು, ಮಿಡಿತಗಳ ರೂಪದಲ್ಲಿ ಕಳಿಸುತ್ತದೆ. ಈ ಬಿಡುವು ಎಷ್ಟು ಮುಖ್ಯವೆಂಬುದನ್ನು ಅಮೆರಿಕದ ವಿಜ್ಞಾನಿ ಅರ್ನ್‌ಸ್ಟ್ ನೋಬಿಲ್ ಅವರ ತಂಡ 1970ರ ದಶಕದಲ್ಲಿ ರೀಸಸ್ ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿಕೊಟ್ಟಿತು. ತಮ್ಮದೇ ಸಂಕೇತವನ್ನು ಕಳೆದುಕೊಂಡಿದ್ದ ಕೋತಿಗಳಿಗೆ ಗಂಟೆಗೊಂದು ಮಿಡಿತದಂತೆ ಜಿಎನ್‌ಆರ್‌ಎಚ್ ಕೊಟ್ಟಾಗ ಪಿಟ್ಯುಟರಿ ಮತ್ತೆ ಕೆಲಸಕ್ಕೆ ತೊಡಗಿತು. ಅದನ್ನೇ ಎಡೆಬಿಡದೆ ಹರಿಸಿದಾಗ ಗ್ರಂಥಿ ಸುಮ್ಮನಾಗಿಬಿಟ್ಟಿತು. ಅಂದರೆ ಇಲ್ಲಿ ಪ್ರಮಾಣದಷ್ಟೇ ಲಯಕ್ಕೂ ಬೆಲೆಯಿದೆ. ಈ ಲಯ ಕೂಡುವ ಜಾಗಕ್ಕೇ ದೇಹದ ಬೇರೆ ಸುದ್ದಿಗಳೂ ಬಂದು ಸೇರುತ್ತವೆ: ಉಂಡದ್ದು ಸಾಕಾಯಿತೇ, ನಿದ್ದೆ ಆಯಿತೇ, ಕಾಯಿಲೆ ಇದೆಯೇ, ಮನಸ್ಸಿನ ಮೇಲೆ ಬಹುಕಾಲದ ಒತ್ತಡ ಇದೆಯೇ. ಆಹಾರ, ನಿದ್ದೆ, ವ್ಯಾಯಾಮಗಳು ಋತುಚಕ್ರವನ್ನು ಬದಲಿಸಬಲ್ಲವು ಎಂಬ ಮಾತಿಗೆ ಇರುವ ಗಟ್ಟಿ ಆಧಾರ ಇದು.

ಇದರಿಂದ ಹೊರಡುವ ಒಂದು ಸಣ್ಣ ಆದರೆ ಉಪಯುಕ್ತ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಯಾವುದೋ ಒಂದು ದಿನ ರಕ್ತ ಕೊಟ್ಟು "ಹಾರ್ಮೋನು ಪರೀಕ್ಷೆ" ಮಾಡಿಸಿ, ವರದಿಯ ಅಂಕಿಯನ್ನು ನೋಡಿ ಹೆದರುವವರು ಬಹಳ ಮಂದಿ. ಚಕ್ರದ ಎಷ್ಟನೆಯ ದಿನ ರಕ್ತ ತೆಗೆದರೆಂಬುದು ಗೊತ್ತಿಲ್ಲದೆ ಆ ಅಂಕಿಗೆ ಅರ್ಥವಿಲ್ಲ. ಅಂಡೋತ್ಪತ್ತಿ ಆಯಿತೇ ಎಂದು ತಿಳಿಯಲು 21ನೆಯ ದಿನ ಪ್ರೊಜೆಸ್ಟರಾನ್ ನೋಡುವ ರೂಢಿ ಇದೆ. ಆದರೆ 35 ದಿನಗಳ ಚಕ್ರದವರಲ್ಲಿ ಅಂಡ ಬಿಡುಗಡೆಯಾಗುವುದೇ ಸುಮಾರು 21ರಂದು. ಆ ದಿನ ಪರೀಕ್ಷೆ ಮಾಡಿದರೆ ಏನೂ ಕೆಡದ ಮಹಿಳೆಯ ವರದಿಯೂ ಕೊರತೆಯನ್ನೇ ತೋರಿಸುತ್ತದೆ. ಮುಂದಿನ ಮುಟ್ಟಿಗೆ ಸುಮಾರು ಏಳು ದಿನ ಮೊದಲು ನೋಡುವುದು ಸರಿಯಾದ ಕ್ರಮ.

ಇನ್ನು ಆಹಾರದ ವಿಷಯ. ಯಾವ ಪದಾರ್ಥ ತಿಂದರೆ ಹಾರ್ಮೋನು ಸರಿಹೋಗುತ್ತದೆ ಎಂದು ಕೇಳುವವರು ಬಹಳ. ಒಟ್ಟು ಆಹಾರ ಸಾಕಾಗುತ್ತಿದೆಯೇ ಎಂದು ಕೇಳುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಎರಡನೆಯ ಪ್ರಶ್ನೆಯೇ ಮೊದಲು ಬರಬೇಕು. ಸಂಶೋಧಕಿ ಆನ್ ಲೌಕ್ಸ್ ಅವರು ಸಹೋದ್ಯೋಗಿಯೊಬ್ಬರೊಂದಿಗೆ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದು ಉಳಿಯುವ ಶಕ್ತಿಯು ದೇಹದ ಕೊಬ್ಬುರಹಿತ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 30 ಕಿಲೋಕ್ಯಾಲೊರಿಗಿಂತ ಕೆಳಗೆ ಇಳಿದಾಗ, ಕೇವಲ ಐದು ದಿನಗಳಲ್ಲೇ ಎಲ್‌ಎಚ್ ಮಿಡಿತಗಳ ಲಯ ಕೆಟ್ಟದ್ದು ಕಂಡುಬಂತು. ಈ ಗೆರೆ ಎಲ್ಲರಿಗೂ ಒಂದೇ ಅಲ್ಲವೆಂದು ಆಮೇಲಿನ ಕೆಲಸಗಳು ತೋರಿಸಿವೆ, ಆದರೂ ಲೆಕ್ಕ ಹಾಕಿ ನೋಡಲು ಅದು ಒಳ್ಳೆಯ ಆಧಾರ. 55 ಕಿಲೋ ತೂಕದ, ದೇಹದಲ್ಲಿ ಕಾಲುಭಾಗ ಕೊಬ್ಬಿರುವ ಯುವತಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳ ಕೊಬ್ಬುರಹಿತ ತೂಕ ಸುಮಾರು 41 ಕಿಲೋ. ಆದ್ದರಿಂದ ವ್ಯಾಯಾಮದ ಖರ್ಚು ಕಳೆದ ಮೇಲೂ ಅವಳಿಗೆ ದಿನಕ್ಕೆ 1,230 ಕಿಲೋಕ್ಯಾಲೊರಿ ಉಳಿಯಲೇಬೇಕು. ಅವಳು 1,600 ತಿಂದು, ಓಟದಲ್ಲಿ 500 ಖರ್ಚು ಮಾಡಿದರೆ ಉಳಿಯುವುದು 1,100. ತಟ್ಟೆ ನೋಡಿದರೆ ಅವಳು ಉಪವಾಸ ಬಿದ್ದಂತೆ ಯಾರಿಗೂ ಕಾಣುವುದಿಲ್ಲ, ತೂಕವೂ ಸಾಮಾನ್ಯವಾಗಿಯೇ ಇರಬಹುದು, ಆದರೂ ಹೈಪೊಥಲಾಮಸ್ ಸಂತಾನದ ಕೆಲಸವನ್ನು ಮುಂದಕ್ಕೆ ತಳ್ಳುತ್ತದೆ. ಮೊದಲು ಅಂಡೋತ್ಪತ್ತಿ ತಪ್ಪುತ್ತದೆ, ಬಳಿಕ ಚಕ್ರ ಉದ್ದವಾಗುತ್ತದೆ, ಕೊನೆಗೆ ಮುಟ್ಟೇ ನಿಲ್ಲುತ್ತದೆ.

ಮುಟ್ಟು ನಿಂತದ್ದನ್ನು ಕೆಲವರು ಪೀಡೆ ಕಳೆಯಿತೆಂದು ಭಾವಿಸುವುದುಂಟು. ಕ್ರೀಡಾ ತರಬೇತಿಯಲ್ಲಿರುವವರಲ್ಲಂತೂ ಅದನ್ನು ಕಠಿಣ ಶ್ರಮದ ಗುರುತೆಂದು ಹೇಳಿಕೊಳ್ಳುವುದೂ ಇತ್ತು. ಆದರೆ ಈಸ್ಟ್ರೋಜನ್ ತಗ್ಗಿದ ತಿಂಗಳುಗಳಲ್ಲಿ ಮೂಳೆ ಸವೆಯುತ್ತದೆ, ಅದೂ ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಕ್ರೀಡಾಪಟುಗಳ ಶಕ್ತಿಕೊರತೆಯನ್ನು ಇಡೀ ದೇಹದ ಸಮಸ್ಯೆಯೆಂದು ಗುರುತಿಸಿದ್ದಕ್ಕೆ ಇದೂ ಒಂದು ಕಾರಣ. ಇಂಥವರಿಗೆ ಮುಖ್ಯ ಚಿಕಿತ್ಸೆ ಹೆಚ್ಚು ಉಣ್ಣುವುದು, ಕೆಲಕಾಲ ವ್ಯಾಯಾಮ ತಗ್ಗಿಸುವುದು. ಗರ್ಭನಿರೋಧಕ ಮಾತ್ರೆ ಕೊಟ್ಟರೆ ತಿಂಗಳಿಗೊಮ್ಮೆ ರಕ್ತ ಕಾಣಿಸಿಕೊಳ್ಳುತ್ತದೆ ನಿಜ, ಆದರೆ ಅದು ಮಾತ್ರೆಯ ಬಿಡುವಿನಿಂದ ಆಗುವ ಸ್ರಾವ. ಒಳಗಿನ ಲಯ ಮರಳಿತೇ ಇಲ್ಲವೇ ಎಂಬುದನ್ನು ಅದು ಮುಚ್ಚಿಡುತ್ತದೆ. ಸಹಜ ಚಿಕಿತ್ಸೆ ಔಷಧಕ್ಕಿಂತ ಮೇಲೆಂದು ನಾನು ಅನುಮಾನವಿಲ್ಲದೆ ಹೇಳುವ ಜಾಗಗಳಲ್ಲಿ ಇದು ಮೊದಲನೆಯದು. ವಿಪರ್ಯಾಸವೆಂದರೆ, ಸಹಜತೆಯ ಹೆಸರಿನಲ್ಲಿ ಹೇಳಿಕೊಡುವ ದೀರ್ಘ ಉಪವಾಸ, ದೇಹಶುದ್ಧಿ, ಹಲವು ಪದಾರ್ಥಗಳನ್ನು ಒಟ್ಟಿಗೇ ಬಿಡುವ ಪಥ್ಯಗಳು ಈ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಬರುವ ತೊಂದರೆ ಪಿಸಿಓಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್. ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು 1935ರಲ್ಲಿ ವಿವರಿಸಿದ ಈ ಸ್ಥಿತಿ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನವಯಸ್ಸಿನ ಮಹಿಳೆಯರಲ್ಲಿ ಹತ್ತು ಮಂದಿಗೆ ಒಬ್ಬರಷ್ಟು ಜನರಲ್ಲಿ ಇದೆ. ಇವರಲ್ಲಿ ಬಹಳ ಮಂದಿಯ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆದ್ದರಿಂದ ಅದರ ಮಟ್ಟ ಏರಿಯೇ ಇರುತ್ತದೆ. ಏರಿದ ಇನ್ಸುಲಿನ್ ಅಂಡಾಶಯದಿಂದ ಹೆಚ್ಚು ಆಂಡ್ರೋಜನ್, ಅಂದರೆ ಗಂಡಸರಲ್ಲಿ ಹೆಚ್ಚಾಗಿರುವ ಬಗೆಯ ಹಾರ್ಮೋನು, ಹೊರಡಿಸುತ್ತದೆ, ಜೊತೆಗೆ ರಕ್ತದಲ್ಲಿ ಆಂಡ್ರೋಜನ್ನನ್ನು ಹಿಡಿದಿಡುವ ಪ್ರೋಟೀನನ್ನು ಯಕೃತ್ತು ತಯಾರಿಸದಂತೆ ತಗ್ಗಿಸುತ್ತದೆ. ಅಂಡಕೋಶಗಳು ಅರ್ಧದಲ್ಲೇ ನಿಲ್ಲುವುದು, ಮುಟ್ಟು ತಡವಾಗುವುದು, ಮುಖದ ಮೇಲೆ ಕೂದಲು, ಮೊಡವೆ, ಎಲ್ಲವೂ ಈ ಒಂದೇ ಸರಪಣಿಗೆ ಸೇರಿದವು. ವ್ಯಾಯಾಮ ಇಲ್ಲಿ ಕೆಲಸ ಮಾಡುವುದು ತೂಕ ಇಳಿಸುವುದರಿಂದ ಮಾತ್ರವಲ್ಲ; ತೂಕ ಇಳಿಯದೆ ಹೋದರೂ ದುಡಿಯುವ ಸ್ನಾಯುಗಳು ಸಕ್ಕರೆಯನ್ನು ಸುಲಭವಾಗಿ ಎಳೆದುಕೊಳ್ಳುವುದರಿಂದ ಇನ್ಸುಲಿನ್ನಿನ ಮೇಲಿನ ಹೊರೆ ಇಳಿಯುತ್ತದೆ. ತೂಕ ಹೆಚ್ಚಿದ್ದವರು ನೂರಕ್ಕೆ 5ರಿಂದ 10ರಷ್ಟು ಇಳಿಸಿದರೂ ಹಲವರಲ್ಲಿ ಅಂಡೋತ್ಪತ್ತಿ ಮರಳುತ್ತದೆ. ಯಾವ ಪಥ್ಯ ಎಂದು ಕೇಳುವವರಿಗೆ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಉತ್ತರ ನೇರವಾಗಿದೆ: ಆರೋಗ್ಯಕರವಾದ ಯಾವ ಪಥ್ಯವೂ ಇನ್ನೊಂದಕ್ಕಿಂತ ಮೇಲೆಂದು ಸಾಬೀತಾಗಿಲ್ಲ. ಬಹುವಾಗಿ ಮಾರಾಟವಾಗುವ ಇನೋಸಿಟಾಲ್ ಎಂಬ ಪೂರಕದ ಬಗ್ಗೆಯೂ ಅದೇ ಮಾರ್ಗಸೂಚಿ, ಹಾನಿ ಕಡಿಮೆ, ಲಾಭದ ಆಧಾರವೂ ಸೀಮಿತ ಎಂಬ ಧಾಟಿಯಲ್ಲೇ ಮಾತನಾಡುತ್ತದೆ. ತೆಳ್ಳಗಿರುವವರಿಗೂ ಪಿಸಿಓಎಸ್ ಬರುತ್ತದೆ. ಅವರಿಗೆ ತೂಕ ಇಳಿಸಿಕೊಳ್ಳಿ ಎಂಬ ಸಲಹೆ ಕೊಡುವುದು ಅವಿವೇಕ.

ಇಲ್ಲಿ ಒಂದು ಎಚ್ಚರಿಕೆ ಸೇರಿಸಲೇಬೇಕು. ಅಂಡೋತ್ಪತ್ತಿ ಆಗದೆ ತಿಂಗಳುಗಟ್ಟಲೆ ಕಳೆದಾಗ ಗರ್ಭಕೋಶದ ಒಳಪದರ ಈಸ್ಟ್ರೋಜನ್ನಿನ ಪ್ರಭಾವದಲ್ಲಿ ಬೆಳೆಯುತ್ತಲೇ ಇರುತ್ತದೆ, ಅದನ್ನು ಪಕ್ವಗೊಳಿಸಿ ಕಳಚುವ ಪ್ರೊಜೆಸ್ಟರಾನ್ ಸಿಗುವುದಿಲ್ಲ. ವರ್ಷಗಳ ಕಾಲ ಹೀಗಾದರೆ ಆ ಪದರದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಪಿಸಿಓಎಸ್ ಇರುವವರಲ್ಲಿ ಮುಟ್ಟುಗಳ ನಡುವೆ 90 ದಿನಕ್ಕಿಂತ ಹೆಚ್ಚು ಅಂತರ ಬೀಳುತ್ತಿದ್ದರೆ, ಜೀವನಕ್ರಮ ಬದಲಿಸುತ್ತಿರುವಾಗಲೂ ಪದರದ ರಕ್ಷಣೆಗೆ ಹಾರ್ಮೋನು ಚಿಕಿತ್ಸೆ ಬೇಕೇ ಎಂದು ವೈದ್ಯರನ್ನು ಕೇಳಬೇಕು.

ನೋವಿನ ವಿಷಯಕ್ಕೆ ಬರುತ್ತೇನೆ. ಒಳಪದರ ಕಳಚುವಾಗ ಬಿಡುಗಡೆಯಾಗುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ಗರ್ಭಕೋಶದ ಸ್ನಾಯುವನ್ನು ಬಿಗಿಯಾಗಿ ಸಂಕುಚಿಸುತ್ತವೆ. ಆ ಬಿಗಿತದಲ್ಲಿ ಸ್ನಾಯುವಿಗೆ ರಕ್ತ ಕಡಿಮೆಯಾಗಿ ನೋವು ಹುಟ್ಟುತ್ತದೆ. ಇವು ಪಕ್ಕದ ಕರುಳಿಗೂ ತಗಲುವುದರಿಂದಲೇ ಮೊದಲ ದಿನ ಹಲವರಿಗೆ ಭೇದಿ, ಓಕರಿಕೆ. ಶಾಖ ಕೊಡುವ ಹಳೆಯ ರೂಢಿಗೆ ಇಲ್ಲಿ ಒಳ್ಳೆಯ ಪುರಾವೆ ಇದೆ: 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೆಳಹೊಟ್ಟೆಯ ಮೇಲೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಶಾಖವನ್ನು ದಿನಕ್ಕೆ 12 ಗಂಟೆ ಕಾಲ ಕೊಟ್ಟಾಗ ಸಿಕ್ಕ ಪರಿಹಾರ, ದಿನಕ್ಕೆ ಮೂರು ಬಾರಿ 400 ಮಿಲಿಗ್ರಾಂ ಐಬುಪ್ರೊಫೆನ್ ನುಂಗಿದಾಗ ಸಿಕ್ಕದ್ದಕ್ಕೆ ಸರಿಸಾಟಿಯಾಗಿತ್ತು. ನಿಯಮಿತ ವ್ಯಾಯಾಮದಿಂದಲೂ ನೋವು ಗಮನಾರ್ಹವಾಗಿ ತಗ್ಗುತ್ತದೆಂದು ಹಲವು ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಿಶೀಲನೆ ಹೇಳುತ್ತದೆ. ಅದರಲ್ಲಿದ್ದ ಪ್ರಯೋಗಗಳಲ್ಲಿ ವ್ಯಾಯಾಮ ಹೆಚ್ಚಾಗಿ 45ರಿಂದ 60 ನಿಮಿಷ, ವಾರಕ್ಕೆ ಮೂರು ಬಾರಿಯಾದರೂ ನಡೆದಿತ್ತು. ಶುಂಠಿಯ ಬಗ್ಗೆ ನಡೆದ ಪ್ರಯೋಗಗಳು ಚಿಕ್ಕವು, ಫಲಿತಾಂಶ ಆಶಾದಾಯಕ. ನೋವು ನಿವಾರಕ ಮಾತ್ರೆಯನ್ನು ಸೋಲಿನಂತೆ ಕಾಣುವವರಿಗೆ ನಾನು ಹೇಳುವುದಿಷ್ಟೇ: ಐಬುಪ್ರೊಫೆನ್ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುವ ಔಷಧ, ಆದ್ದರಿಂದ ನೋವು ತಾರಕಕ್ಕೆ ಏರಿದ ಮೇಲೆ ನುಂಗುವುದಕ್ಕಿಂತ ಆರಂಭದಲ್ಲೇ ನುಂಗಿದರೆ ಹೆಚ್ಚು ಫಲ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಕೇಳಿ ತೆಗೆದುಕೊಳ್ಳಬೇಕು.

ಆದರೆ ಎಲ್ಲ ನೋವೂ ಇಂಥದ್ದಲ್ಲ. ವರ್ಷ ಕಳೆದಂತೆ ಹೆಚ್ಚುತ್ತ ಹೋಗುವ ನೋವು, ಮುಟ್ಟು ಮುಗಿದ ಮೇಲೂ ಉಳಿಯುವ ನೋವು, ಮಲವಿಸರ್ಜನೆಯಲ್ಲಿ ಅಥವಾ ಸಂಭೋಗದಲ್ಲಿ ಆಗುವ ನೋವು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ, ಇದರ ಕಡೆಗೆ ಬೊಟ್ಟು ಮಾಡುತ್ತವೆ. ಜಗತ್ತಿನಲ್ಲಿ ಸುಮಾರು 19 ಕೋಟಿ ಹೆಣ್ಣುಮಕ್ಕಳಿಗೆ ಈ ಕಾಯಿಲೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು; ರೋಗ ಪತ್ತೆಯಾಗುವಷ್ಟರಲ್ಲಿ ಬಹಳ ಮಂದಿಗೆ ಹಲವು ವರ್ಷಗಳೇ ಕಳೆದಿರುತ್ತವೆ. ಆ ವರ್ಷಗಳಲ್ಲಿ ಒಂದಿಷ್ಟನ್ನು ಕಷಾಯಗಳೂ ನುಂಗಿಹಾಕುತ್ತವೆ ಎಂಬುದನ್ನು ಒಪ್ಪಿಕೊಳ್ಳಬೇಕು.

ರಕ್ತಸ್ರಾವದ ಲೆಕ್ಕ ಹೀಗಿದೆ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. 80ಕ್ಕಿಂತ ಹೆಚ್ಚಾದರೆ ಅತಿಸ್ರಾವ. ಅಳೆಯುವವರು ಯಾರೂ ಇಲ್ಲದ್ದರಿಂದ ಲಕ್ಷಣಗಳನ್ನೇ ನಂಬಬೇಕು: ಗಂಟೆಗೊಂದು ಪ್ಯಾಡ್ ತೊಯ್ಯುವುದು, ದೊಡ್ಡ ಹೆಪ್ಪುಗಳು ಬೀಳುವುದು, ಎಂಟು ದಿನ ದಾಟುವುದು. ಒಂದು ಮಿಲಿಲೀಟರ್ ರಕ್ತದೊಂದಿಗೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶ ಹೋಗುತ್ತದೆ; ಆದ್ದರಿಂದ 80 ಮಿಲಿಲೀಟರಿಗೆ 40 ಮಿಲಿಗ್ರಾಂ. ಊಟದಿಂದ ದೇಹ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ, ಅದರಲ್ಲೂ ಬಹುಪಾಲು ದಿನನಿತ್ಯದ ನಷ್ಟಕ್ಕೇ ಹೋಗುತ್ತದೆ. ಸೊಪ್ಪು ಕಾಳುಗಳ ಜೊತೆ ಸಿ ಜೀವಸತ್ವ ಇರುವ ಹಣ್ಣು ತಿನ್ನುವುದು, ಊಟದೊಂದಿಗೇ ಚಹಾ ಕಾಫಿ ಕುಡಿಯದಿರುವುದು ಒಳ್ಳೆಯ ಅಭ್ಯಾಸಗಳೇ. ಸಂಗ್ರಹ ಒಮ್ಮೆ ಬರಿದಾದ ಮೇಲೆ ಮಾತ್ರ ಆಹಾರದಿಂದಲೇ ಅದನ್ನು ತುಂಬುವುದು ಬಹು ನಿಧಾನದ ಕೆಲಸ; ಕಬ್ಬಿಣದ ಮಾತ್ರೆ ಬೇಕಾಗುತ್ತದೆ. ಹೊಟ್ಟೆ ಕೆಡುತ್ತದೆಂದು ಅದನ್ನು ಬಿಟ್ಟುಬಿಡುವವರು ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ ನೋಡಬಹುದು; ಒಂದು ದಿನದ ಮಾತ್ರೆ ಮರುದಿನದ ಹೀರುವಿಕೆಯನ್ನು ತಗ್ಗಿಸುತ್ತದೆ ಎಂಬುದು ಈಗ ತಿಳಿದಿದೆ. ಅತಿಸ್ರಾವದ ಹಿಂದೆ ಗರ್ಭಕೋಶದ ಗಡ್ಡೆ, ಥೈರಾಯ್ಡ್ ಕೊರತೆ, ರಕ್ತ ಹೆಪ್ಪುಗಟ್ಟುವಿಕೆಯ ದೋಷ ಇರಬಹುದಾದ್ದರಿಂದ ಕಾರಣ ಹುಡುಕದೆ ಗಿಡಮೂಲಿಕೆಗೆ ಕೈಹಾಕುವುದು ಸಲ್ಲದು.

ಮುಟ್ಟಿನ ಮುಂಚಿನ ದಿನಗಳ ಸಿಡುಕು, ಖಿನ್ನತೆ, ಮೈ ಊತಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1998ರ ಒಂದು ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ತೆಗೆದುಕೊಂಡವರ ಲಕ್ಷಣಗಳು ಮೂರನೆಯ ಚಕ್ರದ ಹೊತ್ತಿಗೆ ನೂರಕ್ಕೆ 48ರಷ್ಟು ಇಳಿದವು. ಸಕ್ಕರೆ ಮಾತ್ರೆಯಂಥ ಹುಸಿ ಔಷಧ ತೆಗೆದುಕೊಂಡವರಲ್ಲೂ 30ರಷ್ಟು ಇಳಿದವು. ಈ ಎರಡನೆಯ ಅಂಕಿಯನ್ನು ನೆನಪಿನಲ್ಲಿ ಇಟ್ಟುಕೊಂಡರೆ, "ನನಗಂತೂ ಗುಣವಾಯಿತು" ಎಂಬ ಜಾಹೀರಾತಿನ ಸಾಕ್ಷ್ಯವನ್ನು ಎಷ್ಟು ನಂಬಬೇಕೆಂಬುದು ಗೊತ್ತಾಗುತ್ತದೆ. ಬಿ6 ಜೀವಸತ್ವ ಕೆಲವರಿಗೆ ನೆರವಾಗಬಹುದು, ಆದರೆ ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಕೈಕಾಲುಗಳ ನರಗಳಿಗೆ ಹಾನಿ. ಚಕ್ರದ ಮೊದಲರ್ಧದಲ್ಲಿ ಒಂದು ಬಗೆಯ ಬೀಜ, ಎರಡನೆಯರ್ಧದಲ್ಲಿ ಇನ್ನೊಂದು ಬಗೆಯ ಬೀಜ ತಿನ್ನುವ ಪದ್ಧತಿ ಈಚೆಗೆ ಬಹಳ ಪ್ರಚಾರದಲ್ಲಿದೆ. ಬೀಜಗಳು ಒಳ್ಳೆಯ ಆಹಾರ, ತಿನ್ನಿ, ಆದರೆ ಸರದಿಯಿಂದ ಹಾರ್ಮೋನು ಸರಿಹೋಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ.

ಸಸ್ಯಮೂಲ ಎಂದ ಮಾತ್ರಕ್ಕೆ ಸೌಮ್ಯವೆಂದು ಎಣಿಸುವ ಮನೋಭಾವದ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಆಕ್ಷೇಪವಿದೆ. ಅತಿಮಧುರವನ್ನು ದಿನವೂ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮನಸ್ಸಿನ ಬೇಗುದಿಗೆಂದು ತೆಗೆದುಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಗರ್ಭನಿರೋಧಕ ಮಾತ್ರೆಯ ಬಲವನ್ನು ಕುಂದಿಸುತ್ತದೆ. ಕೂದಲಿಗೆಂದು ನುಂಗುವ ಹೆಚ್ಚಿನ ಪ್ರಮಾಣದ ಬಯೋಟಿನ್ ಎಂಬ ಜೀವಸತ್ವ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನೇ ತಪ್ಪಾಗಿ ತೋರಿಸಬಲ್ಲದು. ಇನ್ನು ಕಾಡುಗೆಣಸಿನ ಕ್ರೀಮು ದೇಹದಲ್ಲಿ ಪ್ರೊಜೆಸ್ಟರಾನ್ ಆಗುತ್ತದೆ ಎಂಬ ಪ್ರಚಾರದ ಹಿಂದೆ ಒಂದು ಸ್ವಾರಸ್ಯವಾದ ಇತಿಹಾಸವಿದೆ. 1940ರ ದಶಕದಲ್ಲಿ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ ಮೆಕ್ಸಿಕೋದ ಕಾಡುಗೆಣಸಿನಿಂದ ಡಯೋಸ್ಜೆನಿನ್ ಎಂಬ ವಸ್ತುವನ್ನು ತೆಗೆದು, ಅದರಿಂದ ಹೇರಳವಾಗಿ ಪ್ರೊಜೆಸ್ಟರಾನ್ ತಯಾರಿಸಿದ್ದು ನಿಜ. ಮುಂದೆ ಗರ್ಭನಿರೋಧಕ ಮಾತ್ರೆಗೆ ದಾರಿಯಾದದ್ದೂ ಆ ಗೆಣಸಿನ ರಸಾಯನವೇ. ಆದರೆ ಆ ಮಾರ್ಪಾಟು ನಡೆದದ್ದು ಪ್ರಯೋಗಶಾಲೆಯ ಪಾತ್ರೆಗಳಲ್ಲಿ. ಅದನ್ನು ಮಾಡುವ ಕಿಣ್ವ ಮನುಷ್ಯರ ದೇಹದಲ್ಲಿ ಇಲ್ಲ. ಗೆಣಸು ತಿಂದರೂ ಹಚ್ಚಿದರೂ ಡಯೋಸ್ಜೆನಿನ್ ಪ್ರೊಜೆಸ್ಟರಾನ್ ಆಗುವುದಿಲ್ಲ.

ಇಂಥ ಒಂದು ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆ ಬಹಳ ಸರಿಯಾದದ್ದಾಗಿತ್ತು: "ಊಟ, ನಿದ್ದೆ, ವ್ಯಾಯಾಮ ಎಲ್ಲ ಸರಿಮಾಡಿಕೊಂಡರೂ ಎಷ್ಟು ಕಾಲ ಕಾಯಬೇಕು?" ಕನಿಷ್ಠ ಮೂರು ತಿಂಗಳು ಎಂದು ನಾನು ಹೇಳಿದೆ. ಅದಕ್ಕೆ ಕಾರಣವಿದೆ. ಈ ತಿಂಗಳು ಅಂಡ ಬಿಡುವ ಅಂಡಕೋಶ ಈ ತಿಂಗಳು ಹುಟ್ಟಿದ್ದಲ್ಲ. ಅದರ ಬೆಳವಣಿಗೆಯ ಕೊನೆಯ ಘಟ್ಟವೇ ಸುಮಾರು 85 ದಿನಗಳಷ್ಟು ಉದ್ದ. ಎರಡು ವಾರದಲ್ಲಿ ಹಾರ್ಮೋನು ಸರಿಪಡಿಸುತ್ತೇವೆ ಎನ್ನುವವರು ಈ ಲೆಕ್ಕವನ್ನು ಮರೆಯುತ್ತಾರೆ. ಕಾಯುವ ಅವಧಿಯಲ್ಲಿ ಒಂದು ಪುಸ್ತಕದಲ್ಲಿ ಮುಟ್ಟು ಆರಂಭವಾದ ದಿನ, ಎಷ್ಟು ದಿನ ಇತ್ತು, ಬಳಸಿದ ಪ್ಯಾಡುಗಳೆಷ್ಟು, ನೋವು ಎಷ್ಟಿತ್ತು, ಯಾವ ಮಾತ್ರೆ ಅಥವಾ ಪೂರಕ ತೆಗೆದುಕೊಂಡದ್ದು ಎಂದು ಬರೆದಿಡಬೇಕು. ಬೆಳಗ್ಗೆ ಏಳುವ ಮುನ್ನ ಮೈಬಿಸಿ ನೋಡಿಕೊಳ್ಳುವ ತಾಳ್ಮೆಯಿದ್ದರೆ, ಅಂಡೋತ್ಪತ್ತಿಯ ಬಳಿಕ ಅದು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿ ಮುಂದಿನ ಮುಟ್ಟಿನವರೆಗೆ ನಿಲ್ಲುವುದು ಕಾಣುತ್ತದೆ. ರಾತ್ರಿಪಾಳಿಯಲ್ಲಿ ದುಡಿಯುವವರಿಗೆ, ನಿದ್ದೆಯ ಹೊತ್ತು ದಿನವೂ ಬದಲಾಗುವವರಿಗೆ ಈ ಓದು ಸರಿಯಾಗಿ ಸಿಗುವುದಿಲ್ಲ.

ಮೂರು ತಿಂಗಳ ಈ ಕಾಯುವಿಕೆ ಎಲ್ಲರಿಗೂ ಅನ್ವಯಿಸುವುದಿಲ್ಲವೆಂದೂ ಅವರಿಗೆ ತಿಳಿಸಿದೆ. ಗರ್ಭ ನಿಂತಿರುವ ಸಾಧ್ಯತೆ ಇರುವವರು ಮೊದಲು ಅದರ ಪರೀಕ್ಷೆ ಮಾಡಿಕೊಳ್ಳಬೇಕು. ಅದರೊಂದಿಗೆ ಒಂದೇ ಕಡೆಯ ತೀವ್ರ ಹೊಟ್ಟೆನೋವೋ ತಲೆಸುತ್ತೋ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎರಡು ಮುಟ್ಟುಗಳ ನಡುವೆ ಅಥವಾ ಸಂಭೋಗದ ಬಳಿಕ ರಕ್ತ ಕಾಣುವವರು, ಗಂಟೆಗೊಂದು ಪ್ಯಾಡ್ ತೊಯ್ಯುವವರು, 15 ವರ್ಷ ತುಂಬಿದರೂ ಮೈನೆರೆಯದ ಹುಡುಗಿಯರು, ಮುಟ್ಟು ಪೂರ್ತಿ ನಿಂತು ವರ್ಷ ಕಳೆದ ಮೇಲೆ ಒಂದು ಹನಿಯಾದರೂ ರಕ್ತ ಕಂಡವರು ಬರೆದಿಟ್ಟ ಪುಸ್ತಕ ಇದ್ದರೂ ಇಲ್ಲದಿದ್ದರೂ ಈ ವಾರವೇ ವೈದ್ಯರನ್ನು ಕಾಣಬೇಕು.